ಒಂಟಿ ಕೈಯ ದ್ಯಾಮವ್ವ

ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದ ಕಾವಲುಗಾರ ಮೋದಿನಸಾಬ ಗಕ್ಕನೆ ನಿಂತ. ಕಟ್ಟೆಯ ಮೇಲೆ ದ್ಯಾಮವ್ವ ಇಲ್ಲ!

ಹಿನ್ನೀರಿನಲ್ಲಿ ಮುಳುಗಿದ ಊರೊಂದರ ನೆನಪಿಗೆ ಶಿಲ್ಪಿ ವಿದ್ಯಾವತಿ ಐದು ಮಣ್ಣಿನ ಮೂರ್ತಿ ಮಾಡಿ ಮುದ್ದೇಬಿಹಾಳದ ಸಭಾಭವನದಲ್ಲಿ ಇಟ್ಟಿದ್ದಳು. ನೆಲ ಅಗೆದು ತೆಗೆದಂತೆ ಕಾಣಲೆಂದು ಮೊಳದುದ್ದದ ಗ್ರಾಮದೇವತೆ ದ್ಯಾಮವ್ವನ ಒಂದು ಕೈಯನ್ನು ತಾನೇ ಮುರಿದು ಪಕ್ಕದಲ್ಲಿಟ್ಟಿದ್ದಳು.

ವಿದ್ಯಾವತಿ ದೂರು ಬರೆದುಕೊಟ್ಟಳು. ಪೊಲೀಸ್ ಎಎಸ್‌ಐ ಗುರುಲಿಂಗಪ್ಪ ಬಂದವನೇ ಕುರ್ಚಿ ಹುಡುಕಿದ. ನಿವೃತ್ತಿಗೆ ಎರಡೇ ತಿಂಗಳು. ಅವನ ಮಂಡಿನೋವಿಗೂ ಊರ ಕಳ್ಳರಿಗೂ ಅದೇನು ಒಪ್ಪಂದವೋ, ಎರಡೂ ಒಟ್ಟಿಗೇ ಬರುತ್ತಿದ್ದವು.

“ಕೀಲಿಕೈ ಯಾರ ಹತ್ರ ಅದಾವ?”

“ನನ್ನ ಹತ್ರ ಒಂದು, ಸಂಜಿಗೆ ಕಸ ಹೊಡೆಯೋ ರುಕ್ಮವ್ವನ ಹತ್ರ ಒಂದ್ರಿ.”

“ಕೀಲಿ ಮುರಿದಿಲ್ಲ. ಯಾರು ಒಯ್ದರು?”

“ಗೊತ್ತಿಲ್ರಿ.” ಮೋದಿನಸಾಬ ನೆಲ ನೋಡಿದ.

“ಇವನ್ನ ಇವತ್ತಽ ಕೆಲಸದಿಂದ ತೆಗೀತೇನಿ!” ಎಂದು ಭವನದ ಕಾರ್ಯದರ್ಶಿ ಸಂಜೀವಕುಮಾರ ಗುಡುಗಿದ.

ಮೂರ್ತಿ ಕೊಳ್ಳಲು ಮೊದಲೊಮ್ಮೆ ಬಂದಿದ್ದವನು ಇಂಡಿ ಪಟ್ಟಣದ ವ್ಯಾಪಾರಿ ಆಸಿಫ. ಗುರುಲಿಂಗಪ್ಪ ಫೋನು ಹಚ್ಚಿದ.

“ನಾ ಕೇಳಿದ್ದು ಎತ್ತಿನ ಮೂರ್ತಿರಿ. ಮುರಿದದ್ದನ್ನ ಯಾರು ಮನ್ಯಾಗ ಇಟ್ಕೋತಾರ್ರಿ?”

ಎತ್ತು ಅಲ್ಲೇ ಇತ್ತು. ಗುರುಲಿಂಗಪ್ಪ ಕಷ್ಟಪಟ್ಟು ಎದ್ದು ಖಾಲಿ ಕಟ್ಟೆಗೆ ಬಗ್ಗಿದ. ಮುರಿದ ಕೈಯೂ ಇಲ್ಲ, ಮಣ್ಣಿನ ಒಂದು ಚೂರೂ ಉಳಿದಿರಲಿಲ್ಲ. ಮೂಲೆಯಲ್ಲಿ ಚಿಟಿಕೆ ಅರಿಶಿನ–ಕುಂಕುಮ.

“ರುಕ್ಮವ್ವನ್ನ ಕರೀರಿ.”

ಮುದುಕಿ ಬಂದು ಬಾಗಿಲ ಬಳಿಯೇ ನಿಂತಳು. ಗುರುಲಿಂಗಪ್ಪ ಅವಳನ್ನೇ ಕೇಳಿದ.

“ಕಳ್ಳ ಆಗಿದ್ರ ಇಡೀ ಇದ್ದ ನಾಕು ಬಿಟ್ಟು ಮುರಿದದ್ದನ್ನ ಒಯ್ತಿದ್ನೇನು? ಭಿನ್ನ ಆದ ದೇವರನ್ನ ಇಟ್ಕೋಬಾರದು, ನೀರಿಗೆ ಬಿಡಬೇಕು. ಕುಂಕುಮ ಏರಿಸಿ, ಚೂರೂ ಬಿಡದಂಗ ಆರಿಸ್ಕೊಂಡು ಒಯ್ದಾಕಿ ನೀನಽ. ಹೌದಿಲ್ಲೋ?”

“ಹೌದ್ರಿ. ನಿನ್ನಿ ಸಂಜಿ ಬಸ್ಸಿನ್ಯಾಗ ಸೀರಿ ಉಡ್ಯಾಗ ಇಟ್ಕೊಂಡು ಹೋಗಿ ಹಿನ್ನೀರಿಗೆ ಬಿಟ್ಟೆ. ನಮ್ಮೂರು ಅದರಾಗಽ ಐತ್ರಿ. ಯಾರೋ ಕೈ ತಾಗಿಸಿ ಮುರದಾರ ಅಂದ್ಕೊಂಡೆ.”

“ನಾನೇ ಮುರಿದದ್ದು, ಆಯಿ,” ಎಂದಳು ವಿದ್ಯಾವತಿ.

“ನೀನಽ? ಮುರಿಲಿಕ್ಕೆ ಮನಸರ ಹೆಂಗ ಬಂತವ್ವಾ?”

ವಿದ್ಯಾವತಿ ದೂರಿನ ಹಾಳೆ ವಾಪಸು ಕೇಳಿದಳು. ಗುರುಲಿಂಗಪ್ಪನಿಗೆ ಕೊಟ್ಟರೆ ಸಾಕಾಗಿತ್ತು, ಕೊಟ್ಟ. ಆಮೇಲೆ ಮೋದಿನಸಾಬನತ್ತ ತಿರುಗಿದ.

“ಕುಂಕುಮ ನೋಡಿದ ಕೂಡ್ಲೇ ನಿನಗ ತಿಳಿದಿತ್ತಲ್ಲ? ನೌಕರಿ ಹೋಗಾಕತ್ತಿತ್ತು. ಯಾಕ ಬಾಯಿ ಬಿಡಲಿಲ್ಲ?”

“ಆಕಿ ನಮ್ಮೂರಾಕಿರಿ ಸಾಹೇಬ್ರ. ಊರಂತೂ ಹೋತು. ಉಳಿದ ನಾಕ ಮಂದೀನ ನಾನಽ ಪೊಲೀಸರಿಗೆ ಹಿಡಿದು ಕೊಡ್ಲೇನ್ರಿ?”