ನಂಬರ್ ಇಲ್ಲದ ಹನ್ನೊಂದು ಸಾಲು

"ಬಂಡಮ್ಮ ಅಂದ್ರ ನೀವೇನ್ರಿ?"

ಬಾಗಿಲಲ್ಲಿ ನಿಂತವನನ್ನು ಕಂಡು ಅವಳು ಗಾಬರಿಯಿಂದ ಎದ್ದಳು. ಮುಖ ಹೊಸದು. ಆದರೆ ಈ ಧ್ವನಿ...! ಎಂಟು ತಿಂಗಳಿಂದ ಫೋನಿನಲ್ಲಿ "ಸಿಡಿ ಮುಟ್ಟ್ಯಾದರೀ ಮೇಡಂ, ಛಲೋ ಆಗ್ಯಾದ" ಎನ್ನುತ್ತಿದ್ದ ಧ್ವನಿ!

"ಹೌದ್ರಿ... ನೀವು ಕಾಶಿರಾಯ ಸರ್?"

"ಹೂಂ. ನನ್ನ ಬಿಲ್ಡ್ ಕೆಡಿಸಿ ನೀವು ಇಲ್ಲಿ ಆರಾಮ ಕುಂತೀರಿ?"

ಅದು 2007. ಕಲಬುರಗಿಯ ಐವಾನ್-ಎ-ಶಾಹಿ ಹತ್ತಿರ ಬುರ್ಹಾನುದ್ದೀನ್ ಸಾಹೇಬರ ಸಣ್ಣ ಸಾಫ್ಟ್‌ವೇರ್ ಆಫೀಸು. ರೈತರಿಗೆ ಮಣ್ಣು ಪರೀಕ್ಷೆಯ ಕಾರ್ಡು ಮುದ್ರಿಸಿಕೊಡುವ ಪ್ರೋಗ್ರಾಂ ಅವರದು. ಕಮಲಾಪುರದಲ್ಲಿ ಅದರದೇ ಒಂದು ಕೋಣೆ, ಒಂದು ಕಂಪ್ಯೂಟರ್, ಒಬ್ಬಳೇ ಬಂಡಮ್ಮ. ಇಂಟರ್ನೆಟ್ ಇಲ್ಲ. ಅವಳು ಬರೆದ ಕೋಡು ಸಿಡಿಯಲ್ಲಿ ಕುಳಿತು, ಬಸ್ ಕಂಡಕ್ಟರನ ಕೈಯಲ್ಲಿ ಕಲಬುರಗಿಗೆ ಹೋಗುತ್ತಿತ್ತು.

ಅಲ್ಲಿ ಕಾಶಿರಾಯ ಬಿಲ್ಡ್ ಮಾಡುತ್ತಿದ್ದ. ಅಂದರೆ, ಕೋಡನ್ನು ಓಡುವ ಪ್ರೋಗ್ರಾಂ ಆಗಿಸುತ್ತಿದ್ದ. ಅದಕ್ಕೆ ಹನ್ನೊಂದು ಪ್ಲಗಿನ್ ಬೇಕು. ಪ್ಲಗಿನ್ ಎಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಸಹಾಯಕ ಪ್ರೋಗ್ರಾಂ.

"ಶುಕ್ರವಾರ ಕಾರ್ಡ್ ಹಂಚೋದದ. ತಪ್ಪು ಕಮಲಾಪುರದ್ದಿದ್ರ ಆ ಕೋಣಿಗಿ ಕೀಲಿ ಹಾಕ್ರಿ ಅಂದಾರ ಸಾಹೇಬ್ರು!"

ಬಂಡಮ್ಮ ಕಂಪ್ಯೂಟರಿನತ್ತ ತಿರುಗಿದಳು.

ಕೀಲಿ...! ಹಗಲು ಹೊಲಿಗೆ, ಸಂಜೆ ಕಂಪ್ಯೂಟರ್ ಕ್ಲಾಸು ಎಂದು ಮೂರು ವರ್ಷ ಓಡಾಡಿ ಪಡೆದ ಕೆಲಸ. ಅದು ಹೋದರೆ ಈ ಧ್ವನಿಯೂ ಹೋದಂತೆ.

'ನಾನೇ ಎಲ್ಲೋ ತಪ್ಪಿರಬೇಕು' ಎಂದುಕೊಂಡೇ ಬಿಲ್ಡ್ ಓಡಿಸಿದಳು.

ಸಲೀಸಾಗಿ ಆಯಿತು!

ಕಾಶಿರಾಯ ಕಣ್ಣುಜ್ಜಿಕೊಂಡ. ಮತ್ತೊಮ್ಮೆ ಓಡಿಸಿದ. ಮತ್ತೆ ಆಯಿತು.

"ಇಲ್ಲಿ ಆಗ್ತದ, ಅಲ್ಲಿ ಆಗಂಗಿಲ್ಲ... ನನಗ ಬ್ಯಾರೆ ಸಿಡಿ ಕಳ್ಸೀರೇನ್ರಿ?"

"ನಾ ಯಾಕ ಹಂಗ ಮಾಡ್ಲಿ?"

"ಮತ್ತ ಕಂಡಕ್ಟರ್ ಕೆಡಿಸ್ಯಾನೇನು?"

ಅಳು ಬರಬೇಕಿತ್ತು. ಅದಕ್ಕೂ ಮೊದಲು ಸಿಟ್ಟು ಬಂತು.

"ಕಂಡಕ್ಟರಗ ಅಷ್ಟು ಬರ್ತಿದ್ರ ಸಾಹೇಬ್ರು ನಿಮ್ಮ ಕುರ್ಚಿ ಅವನಿಗೇ ಕೊಡ್ತಿದ್ರು!"

ಅವನು ದುಡುದುಡು ಹೊರಟುಹೋದ. ಅವನು ಕಣ್ಮರೆಯಾದ ಮೇಲೆ ಅಳು ಬಂತು. ಮೂಗೊರೆಸಿಕೊಳ್ಳುತ್ತಲೇ ಅವಳು ಬಿಲ್ಡಿನ ಫೈಲು ತೆರೆದು ಒಂದೊಂದೇ ಸಾಲು ಓದಿದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಕಲಬುರಗಿ ಆಫೀಸಿನಲ್ಲಿದ್ದಳು, ಕೈಯಲ್ಲಿ ಒಂದು ನೋಟುಬುಕ್ಕು.

"ಸರ್, ಬಿಲ್ಡ್ ನಿಂತ ಈ ಐದನೇ ಪ್ಲಗಿನ್ ಯಾವ ವರ್ಷನ್ ರೀ?"

"ಹೊಸಾದು," ಎಂದ ಕಾಶಿರಾಯ.

"ಹೊಸಾದು ಅಂದ್ರ ಯಾವುದು?"

"ಹೊಸಾದಂದ್ರ... ಹೊಸಾದರೀ!"

"ನಂಬರ್?"

ಅವನು ಫೈಲು ತೆರೆದ. ಹನ್ನೊಂದು ಸಾಲಿನಲ್ಲೂ ವರ್ಷನ್ ನಂಬರಿನ ಜಾಗ ಖಾಲಿ! ನಂಬರ್ ಹೇಳದಿದ್ದರೆ ಬಿಲ್ಡ್ ಟೂಲ್ ಇಂಟರ್ನೆಟ್ಟಿನಿಂದ ಅಂದಂದಿನ ಹೊಸದನ್ನೇ ತರುತ್ತದೆ. ಸೋಮವಾರ ಐದನೆಯದರ ಹೊಸ ವರ್ಷನ್ ಬಂದಿತ್ತು, ಅದು ಇವರ ಕೋಡಿಗೆ ಹೊಂದಲಿಲ್ಲ. ಕಮಲಾಪುರದಲ್ಲಿ ಇಂಟರ್ನೆಟ್ಟೇ ಇಲ್ಲ. ಅಲ್ಲಿ ಹಳೆಯವೇ ನೆಮ್ಮದಿಯಾಗಿದ್ದವು.

"ಯಾರ್ರೀ ಖಾಲಿ ಬಿಟ್ಟವರು?" ಬುರ್ಹಾನುದ್ದೀನ್ ಸಾಹೇಬರು ಕನ್ನಡಕ ಏರಿಸಿದರು.

ಬಂಡಮ್ಮ ಕಾಶಿರಾಯನ ಕಡೆ ನೋಡಿದಳು. ಆ ಫೈಲು ಇಬ್ಬರ ಕೈಯಲ್ಲೂ ಓಡಾಡಿದ್ದು. 'ಅವಳೇ ಅಳಿಸ್ಯಾಳ' ಎಂದು ಅವನು ಹೇಳಿದರೆ ಸಾಹೇಬರು ನಂಬುತ್ತಿದ್ದರು.

ಕಾಶಿರಾಯ ಎದ್ದು ನಿಂತ.

"ನಾನರೀ ಸಾಹೇಬ್ರ. ಹೊಸಾದು ಬಂದ್ರ ಛಲೋನೇ ಇರ್ತದ ಅಂತ ತಿಳ್ಕೊಂಡಿದ್ದೆ. ಇವರದು ಏನೂ ತಪ್ಪಿಲ್ಲ. ನಿನ್ನೆ ಸುಮ್ಮಸುಮ್ಮನ ಬೈದು ಬಂದೀನಿ."

ಬಂಡಮ್ಮನ ಕಣ್ಣು ತಟ್ಟನೆ ತುಂಬಿತು. ಅದನ್ನು ಮುಚ್ಚಿಡಲು ನೋಟುಬುಕ್ಕು ತೆರೆದು, ಕಮಲಾಪುರದ ಹಳೆಯ ಪ್ಲಗಿನ್‌ಗಳ ನಂಬರ್ ಓದತೊಡಗಿದಳು. ಅವನು ಬರೆದ. ಹನ್ನೊಂದೂ ಮುಗಿಯಿತು. ಬಿಲ್ಡ್ ಓಡಿಸಿದರು.

ಆಗಲಿಲ್ಲ!

'ಅಯ್ಯೋ, ಎಲ್ಲರ ಮುಂದೆ ಮಾನ ಹೋಯಿತು...'

"ಅಂಜಬ್ಯಾಡ್ರಿ, ತಡೀರಿ," ಎಂದು ಕಾಶಿರಾಯ ಪರದೆಗೆ ಮೂಗು ತಾಗಿಸಿ ಓದಿದ. "ಐದನೇದರ ಬೆನ್ನಿಗಿ ಇನ್ನೊಂದು ಬರ್ತದ. ಅದಕ್ಕೂ ನಂಬರ್ ಇಲ್ಲ. ಅದನ್ನೂ ಬರಕೊಂಡೀರೇನು?"

ಅದರ ನಂಬರನ್ನೂ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದಳು. 'ಇದು ಬೇಕಾಗಲಿಕ್ಕಿಲ್ಲ, ಆದರೂ ಇರಲಿ' ಎಂದುಕೊಂಡು.

ಅದನ್ನೂ ಸೇರಿಸಿದ. ಬಿಲ್ಡ್ ಆಯಿತು! ಪ್ರಿಂಟರಿನಿಂದ ಮೊದಲ ಕಾರ್ಡು ಕಿರ್‍ರೆಂದು ಹೊರಬಂತು. ಸಾಹೇಬರು ಗಹಗಹಿಸಿ ನಕ್ಕರು.

"ಕೀಲಿಗೀಲಿ ಏನಿಲ್ಲ! ಬಂಡಮ್ಮ ಬೇಟಿ, ಇನ್ಮ್ಯಾಲೆ ಈ ಕುರ್ಚಿ ನಿಂದು. ಕಾಶಿರಾಯ ಮಿಯಾ, ನೀ ಕಮಲಾಪುರದಾಗ ಕೂಡು. ಅಲ್ಲಿ ಹೊಸಾದು ಏನೂ ಬರಂಗಿಲ್ಲ!"

ಸಂಜೆ ಬಸ್‌ಸ್ಟ್ಯಾಂಡಿಗೆ ಅವಳ ಹಿಂದೆಯೇ ಅವನೂ ಬಂದ.

"ನಿನ್ನೆ ನಾ ಬೈಲಾಕ ಬಂದಿದ್ದಿಲ್ಲರೀ. ಅದಕ್ಕ ಫೋನ್ ಸಾಕಿತ್ತು. ನೋಡ್ಲಾಕ ಬಂದಿದ್ದೆ."

"ಹಂಗ ನೋಡ್ತಾರೇನ್ರಿ?"

"ಬಾಗಿಲದಾಗ ನಿಮ್ಮನ್ನ ನೋಡಿದ ಕೂಡಲೇ ಹೇಳೋದೆಲ್ಲ ಮರತು ಹೋಯ್ತು. ಬೈಗುಳ ಒಂದೇ ನೆನಪಿತ್ತು."

ಅವಳು ಸೆರಗಿನಲ್ಲಿ ನಗು ಅಡಗಿಸಿದಳು.

"ಈಗ ನೋಡ್ರಿ," ಅವನ ದನಿ ಸೋತಿತು, "ನಾಳಿಂದ ನಾ ಅಲ್ಲಿ, ನೀವು ಇಲ್ಲಿ. ಹಂಗಾದ್ರ... ಮದುವಿ ಆದ ಮ್ಯಾಲ ಎಲ್ಲಿ ಇರೋದ್ರಿ?"

ಬಸ್ಸು ಬಂತು. ಬಂಡಮ್ಮ ಹತ್ತಲಿಲ್ಲ. ಬೆರಳಿನಲ್ಲಿ ದಾರಿಯ ಊರುಗಳ ಲೆಕ್ಕ ಹಾಕಿದಳು.

"ಮಹಾಗಾಂವದಾಗ," ಎಂದಳು ಮೆಲ್ಲಗೆ. "ನಡುವ ಬರ್ತದ. ಮುಂಜಾನೆ ನೀವು ಆ ಕಡಿ ಬಸ್ ಹಿಡೀರಿ, ನಾ ಈ ಕಡಿ."

"ಅಂದ್ರ... ಒಪ್ಪಿದ್ರೇನು?"

"ನಮ್ಮವ್ವಗ ನಾ ಹೇಳ್ತೀನಿ. ಮನಿ ನೀವು ನೋಡ್ರಿ."

"ಮತ್ತ ಸಂಜಿಗಿ?"

"ಸಂಜಿಗಿ ಯಾರ ಬಸ್ ಮೊದಲ ಬರ್ತದ, ಅವರೇ ಚಾ ಇಡಬೇಕು."