ಬಿಸಿನೀರು ಬಾರದ ಬೆಳಗು

ಸ್ವಿಚ್ಚು ಆರಿಸಿದ್ದು ಪಕ್ಕದ ಮನೆಯ ವರಲಕ್ಷ್ಮಮ್ಮ. ಆ ಹೊತ್ತಿನಲ್ಲಿ ಅಷ್ಟು ಬುದ್ಧಿ ಓಡಿದ್ದು ಆಕೆಗೊಬ್ಬಳಿಗೇ. ಆದರೆ ಅಷ್ಟರಲ್ಲಿ ಗಂಗರತ್ನಳ ಜೀವ ಹೋಗಿತ್ತು.

ಸಬ್ ಇನ್ಸ್‌ಪೆಕ್ಟರ್ ಕುಪ್ಪುಸ್ವಾಮಿ ಜೀಪಿನಿಂದ ಇಳಿದಾಗ ಬೆಳಗಿನ ಆರೂವರೆ. ಬಂಗಾರಪೇಟೆಯ ಹೊಸ ಬಡಾವಣೆ. ತೊಂಬತ್ತೆರಡನೇ ಇಸವಿಯ ಮಾರ್ಚ್ ತಿಂಗಳು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ.

ಹೆಣವನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಇಪ್ಪತ್ತೈದರ ಹುಡುಗಿ. ಬೆಂಗಳೂರಿನ ಟೆಲಿಫೋನ್ ಕಚೇರಿಯಲ್ಲಿ ಕೆಲಸ. ದಿನಾ ಆರೂ ಹತ್ತರ ರೈಲಿಗೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಿದ್ದವಳು. ಬಲಗೈ ಬೆರಳುಗಳು ಸುಟ್ಟು ಕಪ್ಪಾಗಿದ್ದವು.

ಕುಪ್ಪುಸ್ವಾಮಿ ಬಚ್ಚಲುಮನೆಗೆ ಹೋದ. ಉರುಳಿದ ತಗಡಿನ ಬಕೆಟ್ಟು. ನೀರು ಕಾಯಿಸುವ ಕರೆಂಟಿನ ರಾಡು. ನಡುಮನೆಯಿಂದ ಎಳೆದು ತಂದ ವೈರು. ಮೂಲೆಯಲ್ಲಿ ಹಳೇ ಕಾಲದ ತಾಮ್ರದ ಹಂಡೆ, ಕಂಠದ ತನಕ ನೀರು. ಕೆಳಗೆ ಒಲೆಯಲ್ಲಿ ಸೌದೆ ಜೋಡಿಸಿತ್ತು. ಬೆಂಕಿ ಹಚ್ಚಿರಲಿಲ್ಲ. ಗೋಡೆಯ ಮೇಲೆ ಎರಡು ನಲ್ಲಿ. ಒಂದರ ತಲೆಗೆ ಕೆಂಪು ಬಣ್ಣ.

"ಇದೇನು?"

"ಸೋಲಾರ್ ನಲ್ಲಿ ಸಾರ್," ಎಂದಳು ವರಲಕ್ಷ್ಮಮ್ಮ. "ಮಾಳಿಗೆ ಮೇಲೆ ಆಕ್ಸಿ ತಿಂಗಳಾಯ್ತು. ಈ ಸಾಲಿನಾಗೆ ಇವರದೇ ಮೊದಲ್ನೇದು."

ಕೆಂಪು ನಲ್ಲಿ ತಿರುಗಿಸಿದ. ಒಂದು ಹನಿಯೂ ಇಲ್ಲ.

ಹಿತ್ತಲ ಬಾಗಿಲಲ್ಲಿ ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕೂತಿದ್ದಳು. ಗಂಗರತ್ನಳ ಗಂಡ ಆದಿನಾರಾಯಣನ ಸೋದರತ್ತೆ, ಮುನಿನಾರಾಯಣಮ್ಮ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಅಣ್ಣ ಅತ್ತಿಗೆ ಸತ್ತ ಮೇಲೆ ಆದಿನಾರಾಯಣನನ್ನು ಸಾಕಿದವಳೂ ಅವಳೇ.

"ಏನಾಯ್ತು ತಾಯಿ?"

"ಬಿಸ್ನೀರು ಬರ್ನಿಲ್ಲ ಅತ್ತೆ ಅಂದ್ಲು. ತಡಿ ಮಗಾ, ಒಲೆ ಅಚ್ತೀನಿ ಅಂದೆ. ಸಣ್ಣ ಸೌದೆ ತರಾಕೆ ಇತ್ಲಿಗೆ ಓದೆ. ಬಕೀಟು ಬಿದ್ದ ಸದ್ದಾಯ್ತು." ಮುಂದಿನದನ್ನು ಒಣ ಕೆಮ್ಮು ನುಂಗಿತು.

* * *

ಮಾಳಿಗೆಗೆ ಹೊರಗಿನಿಂದ ಮೆಟ್ಟಿಲು. ಮೇಲೆ ಇಳಿಜಾರಾಗಿ ನಿಲ್ಲಿಸಿದ ಗಾಜಿನ ಪೆಟ್ಟಿಗೆ. ಅದರ ಹಿಂದೆ ಬಿಳಿ ಬಣ್ಣದ ತೊಟ್ಟಿ. ಕುಪ್ಪುಸ್ವಾಮಿ ತೊಟ್ಟಿಯಿಂದ ಹೊರಟ ಪೈಪನ್ನು ಮುಟ್ಟಿ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ಸುಡುತ್ತಿತ್ತು. ನಿನ್ನೆಯ ಬಿಸಿಲು ಇನ್ನೂ ಅದರೊಳಗೇ ಇತ್ತು.

ಪೈಪಿನ ಬುಡದಲ್ಲಿ ಹಿತ್ತಾಳೆಯ ವಾಲ್ವು. ಪೂರ್ತಿ ಮುಚ್ಚಿತ್ತು.

ಅವನು ತಿರುಗಿಸಿದ. ಕೆಳಗಿನಿಂದ ಹೆಡ್ ಕಾನ್‌ಸ್ಟೇಬಲ್ ಜಯರಾಮಪ್ಪನ ಕೂಗು ಬಂತು. "ಸಾರ್! ನಲ್ಲಿ ಬಂತು! ಒಗೆ ಏಳ್ತಾ ಐತೆ!"

ಬಚ್ಚಲು ತುಂಬ ಬಿಸಿನೀರು. ಕುಪ್ಪುಸ್ವಾಮಿ ಗಡಿಯಾರ ನೋಡಿಕೊಂಡ. ಯಾರೋ ಈ ವಾಲ್ವು ಮುಚ್ಚದಿದ್ದರೆ ಆ ಹುಡುಗಿ ಈ ಹೊತ್ತಿಗೆ ರೈಲಿನಲ್ಲಿ ಕಿಟಕಿ ಪಕ್ಕ ಕೂತಿರುತ್ತಿದ್ದಳು.

ಏಳಕ್ಕೆ ಆದಿನಾರಾಯಣ ಬಂದ. ಕೆಜಿಎಫ್‌ನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು. ಸೈಕಲ್ಲು ಕೈಬಿಟ್ಟು ಗೇಟಿನಲ್ಲೇ ಕುಸಿದ. ಎಂಟರ ಬಸ್ಸಿಗೆ ಬೇತಮಂಗಲದಿಂದ ಹುಡುಗಿಯ ಅಪ್ಪ ಬಚ್ಚಪ್ಪ ಬಂದಿಳಿದ. ಮಗಳ ಮುಖ ನೋಡಿ, ಅಳಿಯನ ಕೊರಳಪಟ್ಟಿಗೇ ಕೈ ಹಾಕಿದ.

"ಕೊಂದ್ಬಿಟ್ಟೆ ಕಣ್ಲಾ! ಕೆಲ್ಸ ಬಿಡು ಬಿಡು ಅಂತ ದಿನಾ ಪ್ರಾಣ ತಿಂತಿದ್ದೆ. ಬಿಡಲ್ಲ ಅಂದಿದ್ಕೆ ಕೊಂದ್ಬಿಟ್ಟೆ!"

ವರಲಕ್ಷ್ಮಮ್ಮ ತಲೆ ತಗ್ಗಿಸಿದಳು. ಕುಪ್ಪುಸ್ವಾಮಿ ಕೇಳಿದ ಮೇಲೆ ಬಾಯಿಬಿಟ್ಟಳು. ನಿನ್ನೆ ರಾತ್ರಿ ಅವನು ಪಾಳಿಗೆ ಹೊರಡುವ ಮುಂಚೆಯೂ ಜಗಳವಾಗಿತ್ತು. ಗೋಡೆಯಾಚೆಗೆ ಕೇಳಿಸುವಷ್ಟು.

* * *

"ರಾಡು ಯಾರು ತಂದಿದ್ದು?"

"ನಾನೇ ಸಾರ್."

"ಯಾವಾಗ?"

"ಶುಕ್ರವಾರ. ಸೋಲಾರ್ ಎರಡು ಸಲ ಕೈ ಕೊಟ್ಟಿತ್ತು. ಒಲೆ ಹಚ್ಚಿ ನೀರು ಕಾಯೋ ಅಷ್ಟೊತ್ತಿಗೆ ಅವಳ ರೈಲು ಹೋಗ್ತಿತ್ತು. ಎರಡು ಸಲ ತಡವಾಗಿ ಹೋಗಿ ಆಫೀಸಲ್ಲಿ ಬೈಸಿಕೊಂಡಿದ್ದಳು. ಇನ್ನೊಂದು ಸಲ ತಡವಾದ್ರೆ ಮೆಮೋ ಅಂದಿದ್ರು." ಠಾಣೆಯ ಬೆಂಚಿನ ಮೇಲೆ ಆದಿನಾರಾಯಣ ಕೈ ಮುಷ್ಟಿ ಮಾಡಿ ಕೂತಿದ್ದ.

"ಮೂರು ಪಿನ್ನಿನ ಪ್ಲಗ್ಗಲ್ಲಿ ಒಂದು ಪಿನ್ ಕತ್ತರಿಸಿದೆಯಲ್ಲ?"

"ನಮ್ಮ ಸಾಕೆಟ್ಟು ಎರಡು ತೂತಿಂದು. ನಾನೇ ಕತ್ತರಿಸ್ದೆ." ಅವನು ತಲೆ ಎತ್ತಿದ. "ಕೆಲಸ ಬಿಡು ಅಂದಿದ್ದು ನಿಜ ಸಾರ್. ಒಣಗಿ ಕಡ್ಡಿ ಆಗಿದ್ದಳು. ಸೋಲಾರ್ ಹಾಕಿಸಿದ್ದೂ ಅದಕ್ಕೇ. ನಲ್ಲಿ ತಿರುಗಿಸಿದ್ರೆ ನೀರು. ಅರ್ಧ ಗಂಟೆ ಹೆಚ್ಚು ಮಲಗಲಿ ಅಂತ. ಅತ್ತೆಗೂ ಹೊಗೆ ತಪ್ಪುತ್ತೆ ಅಂತ. ಅತ್ತೆ ಕೆಮ್ಮು ಕೇಳಿದ್ದೀರಲ್ಲ?"

ಸಾಕ್ಷಿಯೆಲ್ಲ ಅವನ ಕಡೆಗೇ ಬೆರಳು ತೋರಿಸುತ್ತಿತ್ತು. ಜಗಳ ಆಡಿದವನು ಅವನು. ರಾಡು ತಂದವನು ಅವನು. ವಾಲ್ವಿನ ಜಾಗ ಬಲ್ಲವನು ಅವನು. ರಾತ್ರಿ ಪಾಳಿಗೆ ಹೋಗುವ ಮುಂಚೆ ಮುಚ್ಚಿ ಹೋಗಿರಬಹುದು. ಆದರೂ ಕುಪ್ಪುಸ್ವಾಮಿಗೆ ಒಳಗೆ ಏನೋ ಒಗ್ಗಲಿಲ್ಲ.

ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆಯಿಂದ ಸೋಲಾರ್ ಜೋಡಿಸಿದ ಫಿಟ್ಟರ್ ಆರುಮುಗಂನನ್ನು ಕರೆಸಿದ. ಅವನು ಕೈ ಮುಗಿದುಕೊಂಡೇ ಒಳಗೆ ಬಂದ.

"ಐಯೋ ಸಾರ್, ಸಾಮಿ ಸತ್ಯವಾಗ್ಲೂ ನನ್ನ ತಪ್ಪಿಲ್ಲ. ಎರಡು ಸಲ ಕಂಪ್ಲೇಂಟ್ ಬಂತು. ಒಂದು ಶಿವರಾತ್ರಿ ಮಾರ್ನೇ ದಿನ. ಇನ್ನೊಂದು ಹೋದ ಗುರುವಾರ. ಎರಡು ಸಲಾನೂ ನಾನು ಬಂದು ನೋಡ್ದಾಗ ನೀರು ಜೋರಾಗಿ ಬರ್ತಾ ಇತ್ತು. ಪೈಪಲ್ಲಿ ಗಾಳಿ ಸೇರಿರುತ್ತೆ ಅಂದ್ಕೊಂಡೆ."

"ವಾಲ್ವು?"

"ತೆಗ್ದೇ ಇತ್ತು ಸಾರ್."

ರಾಡನ್ನೂ ಅವನ ಕೈಗೆ ಕೊಟ್ಟ. ಆರುಮುಗಂ ತಿರುಗಿಸಿ ನೋಡಿದ. "ಕಳಪೆ ಮಾಲು. ಪಾರುಂಗ, ಇಲ್ಲಿ ನೋಡಿ, ಕೊಳವೆ ಸೀಳಿ ಕರೆಂಟು ನೀರಿಗೆ ಬಂದಿದೆ. ಯಾರೂ ಮುಟ್ಟಿಲ್ಲ. ತಾನಾಗೇ ಬಿರುಕು ಬಿಟ್ಟಿರೋದು."

ಅಂದರೆ ಸಾವು ಆಕಸ್ಮಿಕ. ಆದರೆ ವಾಲ್ವು ಆಕಸ್ಮಿಕವಲ್ಲ. ಮೂರು ಸಲ ಮುಚ್ಚಿದ್ದಾರೆ. ಎರಡು ಸಲ, ಕೆಲಸ ಆದ ಮೇಲೆ, ಮತ್ತೆ ತೆಗೆದಿದ್ದಾರೆ.

* * *

ಮಾರನೇ ಬೆಳಗ್ಗೆ ಉರಿಗಾಂನ ತನ್ನ ಮನೆಯಲ್ಲಿ ಕುಪ್ಪುಸ್ವಾಮಿ ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಡ್ರಮ್ಮಿನಲ್ಲಿ ತಳ ಕಾಣುತ್ತಿತ್ತು.

"ಏನಿದು, ನೀರೇ ತುಂಬಿಸಿಲ್ಲ?"

ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಇವತ್ತು ನಲ್ಲಿ ಬರಬೇಕಿತ್ತು, ಬರಲಿಲ್ಲ. ಬರಲ್ಲ ಅಂತ ನಿನ್ನೇನೇ ತಿಳಿದು ಡ್ರಮ್ ತುಂಬಿಸಿಡೋಕೆ ನಾನೇನು ಜ್ಯೋತಿಷಿಯಾ?"

ಕುಪ್ಪುಸ್ವಾಮಿ ಹೆಗಲಿನ ಟವಲು ತೆಗೆದು ಗೂಟಕ್ಕೆ ಹಾಕಿದ.

ತಾಮ್ರದ ಹಂಡೆ. ಕಂಠದ ತನಕ ನೀರು. ಬಿಸಿನೀರು ಬರಲಿಲ್ಲ ಎಂದು ಗಂಗರತ್ನ ಹೇಳಿದ್ದು ಬೆಳಗ್ಗೆ ಐದಕ್ಕೆ. ಹೇಳಿದ ಕೂಡಲೇ ಮುದುಕಿ ಹಿತ್ತಲಿಗೆ ಹೋಗಿದ್ದಾಳೆ. ಹಾಗಾದರೆ ಹನ್ನೆರಡು ಕೊಡ ನೀರು ಹಂಡೆಗೆ ಬಿದ್ದದ್ದು ಯಾವಾಗ?

ಸ್ನಾನ ಬಿಟ್ಟು ಅವನು ನೇರ ವರಲಕ್ಷ್ಮಮ್ಮನ ಮನೆಗೆ ಹೋದ. ಅವಳು ಯೋಚಿಸಬೇಕಾಗಲೇ ಇಲ್ಲ.

"ನಮ್ಮ ಬಾವಿಯಿಂದ ಸೇದ್ಕೊಂಡು ಓದ್ರು ಸಾರ್, ಮೊನ್ನೆ ಸಂಜೆ. ಮಾಳಿಗೆ ತೊಟ್ಟಿ ನೀರು ಮುಟ್ಟುದ್ರೆ ಮನೆಗೆ ಸಾಲಲ್ಲ ಅಂತ. ಮೊಣಕಾಲು ನೋವಲ್ಲಿ ಯಾಕಮ್ಮ ಅಂದೆ. ಹಂಡೆ ಒಣಗುದ್ರೆ ಕಲಾಯಿ ಓಯ್ತದೆ ಅಂದ್ರು."

"ಅದಕ್ಕೂ ಮುಂಚೆ?"

"ಬುಧವಾರ ಸಂತೆಯಿಂದ ಬಂದಾಗ ಸೇದ್ತಾ ಇದ್ರು. ಅದಕ್ಕೆ ಮುಂಚೆ... ಶಿವರಾತ್ರಿ ಸಂಜೆ. ಉಪಾಸದಾಗೆ ಇದೇನು ಕೆಲ್ಸ ಅಂತ ಬೈದಿದ್ದೆ."

"ಶಿವರಾತ್ರಿಗೆ ಆದಿನಾರಾಯಣ ಮನೇಲಿದ್ದನಾ?"

"ಇಲ್ಲ. ಮಧ್ಯಾಹ್ನವೇ ಜಾಗರಣೆಗೆ ಅಂತ ಅಂತರಗಂಗೆ ಬೆಟ್ಟಕ್ಕೆ ಓಗಿದ್ದ. ಬಂದಿದ್ದು ಮಾರ್ನೇ ದಿನ ಬಿಸಿಲೇರಿದ ಮೇಲೆ. ಸಂಜೆ ಆ ಹುಡುಗಿ ಸೋಲಾರ್ ನೀರಲ್ಲೇ ಮಿಂದು ನನ್ನ ಜೊತೆ ಗುಡಿಗೆ ಬಂದಿತ್ತು."

* * *

ಗಂಗರತ್ನಳ ಮನೆಯ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಬಚ್ಚಪ್ಪ ಗೋಡೆಗೆ ಒರಗಿದ್ದ. ಕುಪ್ಪುಸ್ವಾಮಿ ಆದಿನಾರಾಯಣನನ್ನು ಠಾಣೆಯಿಂದ ಜೊತೆಗೇ ಕರೆತಂದು ಎದುರಿಗೆ ಕೂರಿಸಿದ. ಮುನಿನಾರಾಯಣಮ್ಮ ಒಳಬಾಗಿಲಲ್ಲಿ ನಿಂತಿದ್ದಳು.

"ಬಚ್ಚಪ್ಪನವರೇ, ನಿಮ್ಮ ಅಳಿಯ ಕೊಂದಿಲ್ಲ," ಎಂದ. "ರಾಡು ಕೆಟ್ಟದ್ದು. ಅದನ್ನ ಬೇಕು ಅಂತ ಯಾರೂ ಕೆಡಿಸಿಲ್ಲ. ಆದರೆ ರಾಡು ಹಿಡಿಯೋ ಹಾಗೆ ಮಾಡಿದ್ದು ಮೇಲಿನ ವಾಲ್ವು. ಅದನ್ನ ಮೂರು ಸಲ ಮುಚ್ಚಿದ್ದಾರೆ. ಮೊದಲನೇ ಸಲ ಶಿವರಾತ್ರಿಯ ದಿನ. ಅವತ್ತು ಸಂಜೆ ನಲ್ಲಿಯಲ್ಲಿ ನೀರು ಬಂದಿದೆ, ಬೆಳಗ್ಗೆ ಬಂದಿಲ್ಲ. ಆ ನಡುವೆ ಆದಿನಾರಾಯಣ ಊರಲ್ಲೇ ಇಲ್ಲ. ಫಿಟ್ಟರು ಬಂದಿದ್ದು ಕರೆದ ಮೇಲೆ. ಮನೆಯಲ್ಲಿ ಉಳಿದವರು ಇಬ್ಬರು. ಅದರಲ್ಲಿ ಒಬ್ಬಳು ಸತ್ತಳು."

ಕುಪ್ಪುಸ್ವಾಮಿ ಮುದುಕಿಯ ಕಡೆ ತಿರುಗಿದ.

"ಮೂರು ಸಲವೂ ಹಿಂದಿನ ಸಂಜೆಯೇ ಹಂಡೆ ತುಂಬಿತ್ತು. ನಾಳೆ ನಲ್ಲಿ ಬರಲ್ಲ ಅಂತ ಇವತ್ತೇ ಹೇಗೆ ಗೊತ್ತಾಯ್ತು ತಾಯಿ?"

ಮುನಿನಾರಾಯಣಮ್ಮ ಅಲ್ಲಗಳೆಯಲಿಲ್ಲ. ಮೆಲ್ಲಗೆ ಹೊಸಲಿನ ಮೇಲೆ ಕೂತಳು.

"ಮಾಳಿಗೆಗೆ ಒಂದೊಂದೇ ಮೆಟ್ಲು ಕೂತ್ಕೊಂಡು ಕೂತ್ಕೊಂಡು ಅತ್ತಿದೆ ಸಾಮಿ," ಎಂದಳು. "ಮದ್ವೆ ಆಗಿ ಬಂದಾಗಿಂದ ಅವಳು ಬೆಳಿಗ್ಗೆ ನನ್ನ ಪಕ್ಕ ಒಲೆ ಮುಂದೆ ಕೂತ್ಕೊಳ್ಳೋಳು. ನೀರು ಕಾಯೋಗಂಟ. ಜಡೆ ಆಕುಸ್ಕೊಂತಾ ಆಫೀಸು, ರೈಲು, ಎಲ್ಲಾ ಏಳೋಳು. ದಿನಕ್ಕೆ ಅದೊಂದು ಗಳಿಗೆ. ಈ ನಲ್ಲಿ ಬಂದ್ಮೇಲೆ ತಿರುವುದ್ಲು, ಮಿಂದ್ಲು, ಓದ್ಲು. ಮುಖಾನೂ ಕಾಣ್ದಂಗಾಯ್ತು."

"ಅತ್ತೆ..." ಆದಿನಾರಾಯಣ ಎದ್ದು ನಿಂತ.

"ನೀನು ಏಳಿದ್ದು ಕೇಳುಸ್ಕೊಂಡೆ ಮಗಾ. ಇನ್ನು ಅತ್ತೆಗೆ ಇಲ್ಲೇನು ಕೆಲ್ಸ, ಬೇಕಂದ್ರೆ ಊರಿಗೆ ಓಗಿರ್ಲಿ ಅಂದೆ."

"ನಾಲ್ಕು ದಿನ ಇದ್ದು ಬರಲಿ ಅಂದಿದ್ದೆ! ಆರಾಮಾಗಿ ಇರಲಿ ಅಂತ!"

"ಒಲೆ ಆರಿದ್ಮೇಲೆ ಬೂದಿ ಯಾರಿಗೆ ಬೇಕು ಅನ್ಸ್ತು." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎಲ್ಡು ಸಲ ಮುಚ್ದಾಗ ಬಂದು ಕೂತ್ಲು. ಮೊದ್ಲಿನಂಗೇ. ಮೂರ್ನೇ ಸಲ ಈ ರಾಡು ಮನೇಲಿರೋದು ನಂಗೆ ಗೊತ್ತಿರ್ನಿಲ್ಲ. ತಡಿ ಮಗಾ ಅಂದೆ. ರೈಲು ಓಯ್ತದೆ ಅತ್ತೆ ಅಂದ್ಲು. ಅದೇ ಕೊನೇ ಮಾತು."

ಬಚ್ಚಪ್ಪ ಎದ್ದ. ಹೊಡೆಯುತ್ತಾನೆಂದು ಜಯರಾಮಪ್ಪ ಮುಂದೆ ಬಂದ. ಆದರೆ ಬಚ್ಚಪ್ಪ ಅಂಗಳಕ್ಕೆ ಹೋಗಿ ಎರಡೂ ಕೈಯಿಂದ ತಲೆ ಹಿಡಿದು ಕೂತ. "ನಾ ತಲ್ಲಿ, ನಾ ತಲ್ಲಿ," ಎಂದು ತೆಲುಗಿನಲ್ಲಿ ಮಗಳನ್ನು ಕರೆಯುತ್ತಲೇ ಇದ್ದ.

* * *

ಕುಪ್ಪುಸ್ವಾಮಿ ಕಾನೂನಿನ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದ. ಸ್ವಂತ ಮನೆಯ ವಾಲ್ವು ಮುಚ್ಚುವುದಕ್ಕೆ ಯಾವ ಕಲಮೂ ಸಿಗಲಿಲ್ಲ. ಆಕಸ್ಮಿಕ ಮರಣ ಎಂದು ಬರೆದು ಸಹಿ ಹಾಕಿದ.

ತಿಥಿ ಮುಗಿದ ಮಾರನೇ ದಿನ ಆ ಮನೆಗೆ ಹೋದ. ಮುನಿನಾರಾಯಣಮ್ಮನ ತಗಡಿನ ಟ್ರಂಕು ಬಾಗಿಲಲ್ಲಿತ್ತು.

"ನನಗೆ ಅವರ ಮೇಲೆ ಸಿಟ್ಟಿಲ್ಲ ಸಾರ್," ಎಂದ ಆದಿನಾರಾಯಣ. ಮುಖ ಬೇರೆ ಕಡೆ ಇತ್ತು. "ನನ್ನನ್ನ ಎತ್ತಿ ಆಡಿಸಿದ ಕೈ. ಆದರೆ ಒಂದೇ ಸೂರಿನಡಿ ಆಗಲ್ಲ. ಬೆಳಗ್ಗೆ ಎದ್ದರೆ ಅದೇ ಬಚ್ಚಲು, ಅದೇ ಮುಖ. ನನ್ನ ಕೈಲಿ ಆಗಲ್ಲ."

ಟ್ರಂಕನ್ನು ಅವನೇ ಜೀಪಿಗೆ ಇಟ್ಟ. ಅವಳು ಅವನ ತಲೆ ಮುಟ್ಟಲು ಕೈ ಎತ್ತಿದಳು. ಅವನು ಅಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದ.

ಅವಳ ಗಂಡನ ಊರು ಕಾಮಸಮುದ್ರದ ಕಡೆ. ಮೈದುನನ ಮಕ್ಕಳು ಇದ್ದಾರಂತೆ. ಅವಳು ಅವರನ್ನು ಕಂಡು ಎಷ್ಟೋ ಕಾಲವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕುಪ್ಪುಸ್ವಾಮಿ ಟ್ರಂಕು ಹತ್ತಿಸಿ, ಅವಳನ್ನು ಕಿಟಕಿ ಪಕ್ಕ ಕೂರಿಸಿ ಕೆಳಗಿಳಿದ.

"ನಂಗೆ ಜೈಲಿಲ್ವಾ ಸಾಮಿ?" ಎಂದು ಕೇಳಿದಳು ಕಿಟಕಿಯಿಂದ.

"ಇಲ್ಲ ತಾಯಿ."

"ಜೈಲಾದ್ರೆ ಚೆನ್ನಾಗಿತ್ತು. ಅಲ್ಲಿ ಯಾರೋ ಒಬ್ರು ಇಲ್ಲಿ ಕೂತ್ಕೋ ಅಂತ ಏಳ್ತಾರೆ."

ಬಸ್ಸಿನ ಎಂಜಿನ್ನು ಶುರುವಾಯಿತು. ಕಂಡಕ್ಟರು ಚೀಟಿ ಹರಿಯುತ್ತ ಅವಳ ಬಳಿ ಬಂದ.

"ಎಲ್ಲಿಗಮ್ಮಾ?"

ಅವಳು ಕಂಡಕ್ಟರನ್ನೇ ನೋಡಿದಳು.

"ಎಲ್ಲಿಗೆ ಓಗ್ಬೇಕು ಅಜ್ಜಿ, ಊರಿನ ಎಸ್ರು ಏಳು ಬೇಗ."

ಅವಳ ತುಟಿ ಅಲುಗಿತು. ಕಂಡಕ್ಟರು ಮೂರನೇ ಸಲ ಕೇಳಿದಾಗ, ಕೆಳಗೆ ನಿಂತಿದ್ದ ಕುಪ್ಪುಸ್ವಾಮಿಯೇ ಕಿಟಕಿಯ ಸರಳು ಹಿಡಿದು ಅವಳ ಗಂಡನ ಊರಿನ ಹೆಸರು ಹೇಳಿದ.