ಚು ದೊರೆಯ ಹನ್ನೆರಡನೆಯ ಬಟ್ಟಲು

ಉಗ್ರಾಣದ ನೀರಿನ ತೊಟ್ಟಿಯಲ್ಲಿ ಹನ್ನೆರಡು ಬಟ್ಟಲುಗಳಿರಬೇಕಿತ್ತು. ಸೋಮವಾರ ಊಟದ ಹೊತ್ತು ಮುಗಿದಾಗ ಹನ್ನೊಂದಿದ್ದವು.

ಪ್ರಾಚೀನ ಚು ರಾಜ್ಯದ ದೊರೆಯ ಗೋರಿಯಿಂದ ಅಗೆದು ತೆಗೆದ, ಅರಗು ಬಳಿದ ಮರದ ಬಟ್ಟಲುಗಳು ಅವು. ಎರಡು ಸಾವಿರ ವರ್ಷ ಕೆಸರು ನೀರಿನಲ್ಲಿದ್ದರೂ ಕೆಂಪು ಮಾಸಿರಲಿಲ್ಲ. ಉಗ್ರಾಣದ ಬೀಗ ಒಡೆದಿರಲಿಲ್ಲ. ಕೀ ಇದ್ದದ್ದು ಕಾವಲುಗಾರ ಲಿಯಾವ್ ಒಬ್ಬನ ಹತ್ತಿರ.

ಅಗೆತದ ಮುಖ್ಯಸ್ಥೆ ಶುಯೆ ಮೇಡಂ ತಕ್ಷಣ ಶಿಬಿರದ ಬಾಗಿಲು ಹಾಕಿಸಿದರು. ಯಾರೂ ಹೊರಗೆ ಹೋಗುವಂತಿಲ್ಲ. ಸಂಜೆಗೆ ಪೊಲೀಸ್ ಅಧಿಕಾರಿ ಕುವಾಂಗ್ ಬಂದರು.

"ಕೀ ನಿನ್ನದು. ಕಾಲಲ್ಲಿ ಉಗ್ರಾಣದ ಕೆಸರು. ಇನ್ನೇನು ಬೇಕಯ್ಯಾ?"

ಲಿಯಾವ್ ತಲೆ ತಗ್ಗಿಸಿದ. ಶಿಬಿರದ ಅಡುಗೆಯವಳಾದ ನಾನು ನಡುವೆ ಬಾಯಿ ಹಾಕಿದೆ.

"ಗುಂಡಿ ಕಾಯೋನ ಕಾಲಲ್ಲಿ ಕೆಸರಿರದೆ ಅತ್ತರಿರುತ್ತಾ ಸಾಹೇಬ್ರೆ? ಊಟ ಮಾಡುವಾಗ ಕೀ ನನ್ನ ಅಡುಗೆಮನೆ ಮೊಳೆಯಲ್ಲೇ ತೂಗುತ್ತೆ. ಯಾರು ಬೇಕಾದ್ರೂ ತಗೋಬಹುದು."

"ಅಜ್ಜಿ, ನೀವು ಒಲೆ ನೋಡ್ಕೊಳ್ಳಿ."

ಆ ಒಲೆಯ ಕೆಲಸ ನನಗೆ ಕೊಡಿಸಿದವನೇ ಲಿಯಾವ್, ನನ್ನ ಗಂಡ ತೀರಿಕೊಂಡ ವರ್ಷ. ಶುಕ್ರವಾರದೊಳಗೆ ಬಟ್ಟಲು ಸಿಗದಿದ್ದರೆ ಅವನಿಗೆ ಸೆರೆಮನೆ.

*

ಮರುದಿನ ಕುವಾಂಗ್ ಎಲ್ಲ ಕೋಣೆಗಳನ್ನೂ ಜಾಲಾಡಿದರು. ಲಿಯಾವ್‌ನ ಮಂಚದ ಕೆಳಗೆ ಬಾಯಿ ಕಟ್ಟಿದ ಭಾರದ ಜಾಡಿ ಸಿಕ್ಕಿತು. ಗೆದ್ದವರಂತೆ ಅಂಗಿಯ ತೋಳು ಮಡಚಿ ಕೈ ಹಾಕಿದರು. ಬಂದದ್ದು ಉಪ್ಪಿನಲ್ಲಿ ನೆನೆದ ಸಾಸಿವೆ ಸೊಪ್ಪು.

"ರುಚಿ ನೋಡಿ, ಎರಡು ವರ್ಷದ್ದು," ಎಂದೆ. ಅವರು ಕೈ ಒರೆಸಿಕೊಂಡರು.

ಮುರಿದ ಪಾತ್ರೆಗಳನ್ನು ಜೋಡಿಸುವ ಕುಶಲಿ ಪಾಂಗ್‌ನ ಕೋಣೆಯಲ್ಲಿ ಪುಸ್ತಕ, ಕುಂಚ, ಬೋಗುಣಿಯಲ್ಲಿ ನೆನೆಹಾಕಿದ ನೀಲಿ ಅಂಗಿ. ಅಷ್ಟೇ.

"ಹುಡುಕಿ ಇನ್ನೇನು?" ಶುಯೆ ಮೇಡಂ ಕಣ್ಣೊರೆಸಿಕೊಂಡರು. "ನೀರಿಂದ ತೆಗೆದ ಮರ ಎರಡೇ ದಿನಕ್ಕೆ ಸುಕ್ಕುಗಟ್ಟಿ ಸೀಳಿಹೋಗುತ್ತೆ. ಬಾವಿ ನೀರಲ್ಲಿಟ್ಟರೂ ಪಾಚಿ ಹಿಡಿಯುತ್ತೆ. ಕುದಿಸಿ ಆರಿಸಿದ ನೀರೇ ಬೇಕು, ಅದನ್ನೂ ದಿನಾ ಬದಲಿಸಬೇಕು."

ನಾನು ಸೌಟು ಕೆಳಗಿಟ್ಟೆ.

*

ಗುರುವಾರ ಮಧ್ಯಾಹ್ನ ಕುವಾಂಗ್ ಅವರನ್ನು ಪಾಂಗ್‌ನ ಕಿಟಕಿಯ ಕೆಳಗೆ ಕರೆದೊಯ್ದೆ. ಕಟ್ಟೆಯ ಮೇಲೆ ಎರಡು ಫ್ಲಾಸ್ಕು. ಮುಚ್ಚಳ ತೆರೆದಿತ್ತು.

"ನನ್ನ ಒಲೆಯಿಂದ ದಿನಾ ಎರಡು ಫ್ಲಾಸ್ಕು ಬಿಸಿನೀರು ಒಯ್ಯುತ್ತಾನೆ. ಸೋಮವಾರದವರೆಗೆ ಒಂದೇ ಒಯ್ಯುತ್ತಿದ್ದ. ಸಾಹೇಬ್ರೆ, ನೀವು ಆರಿದ ನೀರು ಕುಡೀತೀರಾ?"

"ಥೂ, ಹೊಟ್ಟೆ ಕೆಡುತ್ತೆ."

"ನಮ್ಮಲ್ಲಿ ಯಾರೂ ಕುಡಿಯಲ್ಲ, ಎಲ್ಲರೂ ಬಿಸಿಯಾಗೇ ಕುಡಿಯೋದು. ಇವನು ಯಾಕೆ ಆರಿಸ್ತಾನೆ? ಅವನ ಕೋಣೇಲಿರೋ ಆ ನೀಲಿ ಅಂಗಿ ಮೂರು ದಿನದಿಂದ ನೆನೀತಾ ಇದೆ. ಈ ಸೆಕೆಗೆ ಎರಡನೇ ದಿನಕ್ಕೇ ನಾರಬೇಕಿತ್ತು. ನಾರ್ತಿಲ್ಲ. ನೀರು ದಿನಾ ಬದಲಾಗ್ತಿದೆ, ಅಂಗಿ ಮಾತ್ರ ಒಗೀತಿಲ್ಲ."

ಕುವಾಂಗ್ ಓಡಿದರು. ಅಂಗಿ ಎತ್ತಿದರು. ಕೆಳಗೆ ತಿಳಿನೀರಿನಲ್ಲಿ ಕೆಂಪು ಬಟ್ಟಲು, ಇಡಿಯಾಗಿ.

ಮಂಚದ ತುದಿಯಲ್ಲಿ ಕೂತಿದ್ದ ಪಾಂಗ್ ಒಪ್ಪಿಕೊಂಡ, ಮೊಳೆಯಿಂದ ಕೀ ತೆಗೆದವನು ತಾನೇ ಎಂದು. ಪೇಟೆಯಲ್ಲಿ ಕೊಳ್ಳುವವನಿದ್ದ. ಬಾಗಿಲು ಹಾಕಿದ್ದರಿಂದ ಸಾಗಿಸಲಾಗಲಿಲ್ಲ.

"ಒಣಗಿಸಿ ಒಲೆಗೆ ಹಾಕಿದ್ರೆ ಸಾಕ್ಷಿಯೇ ಇರ್ತಿರಲಿಲ್ಲವಲ್ಲೋ!" ಎಂದರು ಕುವಾಂಗ್.

"ಅದನ್ನ ಒಣಗೋಕೆ ಬಿಡೋದಾ?" ಪಾಂಗ್ ಗದರಿದಂತೆ ಹೇಳಿದ. "ಕೈ ಬರಲಿಲ್ಲ."

*

ಕುವಾಂಗ್ ನನ್ನ ಮುಂದೆ ಟೋಪಿ ತೆಗೆದರು. ಶುಯೆ ಮೇಡಂ ಬಟ್ಟಲನ್ನು ತೊಟ್ಟಿಗಿಳಿಸಿ, ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. ಲಿಯಾವ್ ಮಾತ್ರ ನನ್ನ ಕಡೆ ಬರಲಿಲ್ಲ. ಪಾಂಗ್‌ನನ್ನು ಕೂರಿಸಿದ್ದ ಪೊಲೀಸ್ ಜೀಪಿನ ಹತ್ತಿರ ನೇರ ಹೋದ. ಬೈಯುತ್ತಾನೆಂದುಕೊಂಡೆ.

"ಪಾಂಗ್," ಎಂದ ಲಿಯಾವ್. "ನೀನು ನೀರು ಬದಲಾಯಿಸದೆ ಇದ್ದಿದ್ರೆ ನಾನು ಸಾಯೋವರೆಗೂ ಕಳ್ಳನೇ. ನಿನ್ನ ಉಪಕಾರ ಮರೆಯಲ್ಲ ಕಣಪ್ಪ."

ಬೇಡಿ ಹಾಕಿದ್ದ ಕೈಗಳನ್ನೆತ್ತಿ ಪಾಂಗ್ ಮುಖ ಮುಚ್ಚಿಕೊಂಡ.